ಪಕ್ಕದ ತಾರಸಿಯ ಉಪಗ್ರಹ ಆಂಟೆನಾ: 157 ಮೀಟರ್ ಎಂದರೆ ಯಾವ ಕಡೆಗೆ?

ಪ್ರಶ್ನೆ: ನಮ್ಮ ಕಚೇರಿಯಿಂದ 60 ಮೀಟರ್ ದೂರದ ಕಟ್ಟಡದ ತಾರಸಿಯಲ್ಲಿ, ಉಪಗ್ರಹಕ್ಕೆ ಸಂಕೇತ ಕಳಿಸುವ 2.4 ಮೀಟರ್ ವ್ಯಾಸದ ಡಿಷ್ ಆಂಟೆನಾ ಕೂರಿಸಿದ್ದಾರೆ. ಅದು ನಮ್ಮ ಕಟ್ಟಡದ ಕಡೆಗೇ ಮುಖ ಮಾಡಿದ್ದು, ನೇರವಾಗಿ ನಮ್ಮ ಕಿಟಕಿಯನ್ನೇ ನೋಡುತ್ತಿರುವಂತಿದೆ. ವಿಚಾರಿಸಿದಾಗ ಅವರು ಒಂದು ಹಾಳೆ ಕೊಟ್ಟರು. ಅದರಲ್ಲಿ ಆವರ್ತನ 14.25 ಗಿಗಾಹರ್ಟ್ಸ್, ಶಕ್ತಿ 40 ವ್ಯಾಟ್, ಎತ್ತರದ ಕೋನ 20 ಡಿಗ್ರಿ, ಸಾರ್ವಜನಿಕರಿಗೆ ಅಪಾಯದ ದೂರ 157 ಮೀಟರ್ ಎಂದಿದೆ. ನಾವು ಅದರ ಅರ್ಧ ದೂರದಲ್ಲೂ ಇಲ್ಲ. ನಮ್ಮ ಕಿಟಕಿ ಅವರ ತಾರಸಿಯ ನೆಲಕ್ಕಿಂತ 8 ಮೀಟರ್, ನಮ್ಮ ತಾರಸಿ 12 ಮೀಟರ್, ಅದರ ಮೇಲಿನ ಲಿಫ್ಟ್ ಕೋಣೆಯ ನೆತ್ತಿ 18 ಮೀಟರ್ ಎತ್ತರದಲ್ಲಿವೆ. ತರಂಗ ಅಳೆಯುವ ಸಣ್ಣದೊಂದು ಮೀಟರ್ ತರಿಸಿ ಕಿಟಕಿಯ ಬಳಿ ಹಿಡಿದಾಗ ಮೀಟರಿಗೆ 1.5 ವೋಲ್ಟ್ ಎಂದು ತೋರಿಸಿತು. ಸಿಬ್ಬಂದಿ ಗಾಬರಿಗೊಂಡಿದ್ದಾರೆ. ನಾವು ಅಲ್ಲಿ ಕೂತು ಕೆಲಸ ಮಾಡುವುದು ಸುರಕ್ಷಿತವೇ?

ಉತ್ತರ: ಕಿಟಕಿಯ ಬಳಿ ಕೂತು ಕೆಲಸ ಮಾಡುವುದು ಸುರಕ್ಷಿತ. ತಾರಸಿಯಲ್ಲಿ ಓಡಾಡುವುದೂ ಸುರಕ್ಷಿತ. ಲಿಫ್ಟ್ ಕೋಣೆಯ ನೆತ್ತಿಯ ಬಗ್ಗೆ ಮಾತ್ರ ಸ್ವಲ್ಪ ಎಚ್ಚರ ಬೇಕು. ಅದಕ್ಕೆ ಕಾರಣವನ್ನು ಮುಂದೆ ಲೆಕ್ಕದೊಂದಿಗೇ ಹೇಳುತ್ತೇನೆ. ನಿಮಗೆ ಕೊಟ್ಟ ಹಾಳೆಯಲ್ಲಿರುವ 157 ಮೀಟರ್ ಎಂಬ ಅಂಕಿ ತಪ್ಪಲ್ಲ, ನಾನೇ ಮತ್ತೊಮ್ಮೆ ಲೆಕ್ಕ ಹಾಕಿದಾಗಲೂ ಅದೇ ಬಂತು. ಆದರೆ ಆ ಅಂಕಿ ಯಾವ ದಿಕ್ಕಿಗೆ ಅನ್ವಯಿಸುತ್ತದೆ ಎಂಬುದನ್ನು ಹಾಳೆ ಬರೆದವರು ಹೇಳಿಲ್ಲ, ಗಾಬರಿಯೆಲ್ಲ ಹುಟ್ಟಿರುವುದು ಅಲ್ಲಿಂದ. ಅಪಾಯದ ದೂರ ಎಂದ ಕೂಡಲೇ ಆಂಟೆನಾವನ್ನು ನಡುವೆ ಇಟ್ಟು ಸುತ್ತಲೂ ಅಷ್ಟು ತ್ರಿಜ್ಯದ ವೃತ್ತ ಎಳೆದುಕೊಳ್ಳುವುದು ಸಹಜ. ಡಿಷ್ ಆಂಟೆನಾದ ಸುತ್ತ ಅಂಥ ವೃತ್ತವಿಲ್ಲ. ಅದರ ಮುಂದೆ, ಆಕಾಶದ ಕಡೆಗೆ ಓರೆಯಾಗಿ ಚಾಚಿರುವ ಒಂದು ಕೊಳವೆ ಇದೆ ಎಂದು ಭಾವಿಸಿಕೊಳ್ಳಿ. 157 ಮೀಟರ್ ಎಂಬುದು ಆ ಕೊಳವೆಯೊಳಗಿನ ಉದ್ದ.

ಮೊದಲು ಮಿತಿಯ ವಿಷಯ. ಈ ಆವರ್ತನದ ರೇಡಿಯೊ ತರಂಗಗಳು ಅಯಾನೀಕರಿಸುವ ವಿಕಿರಣವಲ್ಲ. 14 ಗಿಗಾಹರ್ಟ್ಸ್ ತರಂಗದ ಒಂದೊಂದು ಫೋಟಾನಿನ ಶಕ್ತಿ, ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು ಹಾಕಲು ಬೇಕಾಗುವುದರ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಇಲ್ಲಿ ಖಚಿತವಾಗಿ ಸ್ಥಾಪಿತವಾಗಿರುವ ಹಾನಿಯೆಂದರೆ ಬಿಸಿಯೇರುವುದು. ಈ ಆವರ್ತನದಲ್ಲಿ ಶಕ್ತಿ ಚರ್ಮದ ಮೇಲಿನ ಕೆಲವೇ ಮಿಲಿಮೀಟರುಗಳಲ್ಲಿ ಹೀರಿಹೋಗುತ್ತದೆ. ರಕ್ತಸಂಚಾರ ಕಡಿಮೆ ಇರುವ ಕಣ್ಣಿನ ಮಸೂರದಂಥ ಭಾಗಗಳಿಗೆ ಆ ಬಿಸಿಯನ್ನು ಹೊರಹಾಕುವುದು ಕಷ್ಟ. ಐಸಿಎನ್‌ಐಆರ್‌ಪಿ ಎಂಬ ಅಂತರರಾಷ್ಟ್ರೀಯ ಆಯೋಗ 1998ರಲ್ಲಿ ಪ್ರಕಟಿಸಿ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ 2ರಿಂದ 300 ಗಿಗಾಹರ್ಟ್ಸ್‌ವರೆಗೆ ಇಡೀ ದೇಹಕ್ಕೆ ತಾಗುವ ಶಕ್ತಿ ಸಾಂದ್ರತೆ ಸಾರ್ವಜನಿಕರಿಗೆ ಚದರ ಮೀಟರಿಗೆ 10 ವ್ಯಾಟ್, ತರಬೇತಿ ಪಡೆದ ಕೆಲಸಗಾರರಿಗೆ 50 ವ್ಯಾಟ್ ಮೀರಬಾರದು. 2020ರ ಪರಿಷ್ಕರಣೆಯಲ್ಲಿ ಇದನ್ನು 30 ನಿಮಿಷಗಳ ಸರಾಸರಿಯಾಗಿ ನೋಡಬೇಕೆಂದಿದೆ. ಅಮೆರಿಕದ ಸಂಪರ್ಕ ನಿಯಂತ್ರಣ ಆಯೋಗವಾದ ಎಫ್‌ಸಿಸಿಯ ಅಂಕಿಗಳೂ ಈ ಆವರ್ತನದಲ್ಲಿ ಇವೇ. ಸಾರ್ವಜನಿಕರ ಮಿತಿಯಲ್ಲಿ, ಆರೋಗ್ಯಕ್ಕೆ ತೊಂದರೆ ಶುರುವಾಗಬಹುದೆಂದು ಎಣಿಸಿದ ಮಟ್ಟಕ್ಕಿಂತ ಐವತ್ತು ಪಟ್ಟು ಕೆಳಗೆ ಗೆರೆ ಎಳೆಯಲಾಗಿದೆ. ಕ್ಯಾನ್ಸರ್ ವಿಷಯವೂ ನಿಮ್ಮ ಸಿಬ್ಬಂದಿಯ ಬಾಯಲ್ಲಿ ಬಂದೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ರೇಡಿಯೊ ತರಂಗಗಳನ್ನು '2ಬಿ' ಗುಂಪಿಗೆ, ಅಂದರೆ ಕ್ಯಾನ್ಸರ್‌ಕಾರಕ ಇರಬಹುದೆಂಬ ಗುಂಪಿಗೆ ಸೇರಿಸಿತು. ಮುಖ್ಯವಾಗಿ ಅದಕ್ಕೆ ಆಧಾರವಾಗಿದ್ದು ತಲೆಗೆ ಒತ್ತಿ ಹಿಡಿದು ಬಳಸುವ ಮೊಬೈಲ್ ಫೋನಿನ ಅಧ್ಯಯನಗಳು, ಅದೂ ಸೀಮಿತ ಪುರಾವೆ ಎಂಬ ಷರಾದೊಂದಿಗೆ.

ಇನ್ನು ಆ ಕೊಳವೆಯ ವಿಷಯ. ಡಿಷ್‌ನ ಮುಂದೆ ತೋಳಿನ ತುದಿಯಲ್ಲಿರುವ ಫೀಡ್ ಹಾರ್ನ್ ಶಕ್ತಿಯನ್ನು ಡಿಷ್‌ನ ಮೇಲೆ ಚೆಲ್ಲುತ್ತದೆ. ಡಿಷ್ ಅದನ್ನು ಸಮಾಂತರ ಕಿರಣಗಳಾಗಿ ತಿರುಗಿಸಿ ಕಳಿಸುತ್ತದೆ. ಹೀಗೆ ಹೊರಟ ಕಿರಣಪುಂಜ ಕೂಡಲೇ ಹರಡಿಕೊಳ್ಳುವುದಿಲ್ಲ. ಸ್ವಲ್ಪ ದೂರದವರೆಗೆ ಅದು ಡಿಷ್‌ನಷ್ಟೇ ದಪ್ಪವಾಗಿ ಸಾಗುತ್ತದೆ, ಶಕ್ತಿ ಸಾಂದ್ರತೆಯೂ ಹೆಚ್ಚು ಕುಗ್ಗುವುದಿಲ್ಲ. ಇದೇ ಸಮೀಪ ಕ್ಷೇತ್ರ. ಎಫ್‌ಸಿಸಿಯ 1997ರ ತಾಂತ್ರಿಕ ಕೈಪಿಡಿಯಲ್ಲಿರುವ, ಜಗತ್ತಿನ ಎಲ್ಲೆಡೆ ಮೊದಲ ಹಂತದ ಅಂದಾಜಿಗೆ ಬಳಕೆಯಾಗುವ ಸೂತ್ರದಂತೆ, ಡಿಷ್‌ನ ವ್ಯಾಸದ ವರ್ಗವನ್ನು ತರಂಗದೂರದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಸಮೀಪ ಕ್ಷೇತ್ರದ ಉದ್ದ ಸಿಗುತ್ತದೆ. 14.25 ಗಿಗಾಹರ್ಟ್ಸ್‌ನ ತರಂಗದೂರ 2.1 ಸೆಂಟಿಮೀಟರ್. ಹಾಗಾಗಿ ನಿಮ್ಮ ನೆರೆಯ ಡಿಷ್‌ಗೆ ಈ ಉದ್ದ 68 ಮೀಟರ್. ಅಷ್ಟು ದೂರದೊಳಗೆ ಕಿರಣಪುಂಜದ ನಡುವಿನಲ್ಲಿ ಇರಬಹುದಾದ ಗರಿಷ್ಠ ಸಾಂದ್ರತೆ ತಿಳಿಯಲು, ಶಕ್ತಿಯನ್ನು ನಾಲ್ಕರಿಂದಲೂ ಡಿಷ್‌ನ ದಕ್ಷತೆಯಿಂದಲೂ ಗುಣಿಸಿ, ಡಿಷ್‌ನ ಬಾಯಿಯ ವಿಸ್ತೀರ್ಣದಿಂದ ಭಾಗಿಸಬೇಕು. 40 ವ್ಯಾಟ್, ದಕ್ಷತೆ ಶೇ 65, ವಿಸ್ತೀರ್ಣ 4.52 ಚದರ ಮೀಟರ್ ಎಂದು ಹಾಕಿದರೆ ಚದರ ಮೀಟರಿಗೆ 23 ವ್ಯಾಟ್ ಬರುತ್ತದೆ. ಇದು ಸಾರ್ವಜನಿಕರ ಮಿತಿಯ ಎರಡು ಪಟ್ಟಿಗೂ ಹೆಚ್ಚು, ಕೆಲಸಗಾರರ ಮಿತಿಯ ಅರ್ಧಕ್ಕೂ ಕಡಿಮೆ. 68 ಮೀಟರ್ ದಾಟಿದ ಮೇಲೆ ಸಾಂದ್ರತೆ ದೂರಕ್ಕೆ ವಿಲೋಮವಾಗಿ ಇಳಿಯುತ್ತ ಹೋಗುತ್ತದೆ. 164 ಮೀಟರಿನಾಚೆ ದೂರ ಕ್ಷೇತ್ರ ಶುರುವಾಗಿ, ದೂರದ ವರ್ಗಕ್ಕೆ ವಿಲೋಮವಾಗಿ ಬೇಗ ಬೇಗ ಇಳಿಯುತ್ತದೆ. ಈ ನಡುವಿನ ಹಂತದಲ್ಲಿ, 157ನೇ ಮೀಟರಿನಲ್ಲಿ ಅದು 10 ವ್ಯಾಟ್‌ಗೆ ಬಂದು ಮುಟ್ಟುತ್ತದೆ. ಹಾಳೆಯ ಅಂಕಿ ಬಂದದ್ದು ಹೀಗೆ.

ದೊಡ್ಡ ಡಿಷ್ ಎಂದರೆ ದೊಡ್ಡ ಅಪಾಯ ಎಂಬ ಭಾವನೆ ಬಹಳ ಜನರಲ್ಲಿದೆಯಾದ್ದರಿಂದ ಇಲ್ಲೊಂದು ಹೋಲಿಕೆ ಕೊಡುತ್ತೇನೆ. ನಾಸಾದ ಆಳ ಅಂತರಿಕ್ಷ ಸಂಪರ್ಕ ಜಾಲದ 70 ಮೀಟರ್ ವ್ಯಾಸದ ಆಂಟೆನಾಗಳು ದೂರದ ಗಗನನೌಕೆಗಳಿಗೆ 7 ಗಿಗಾಹರ್ಟ್ಸ್ ಆಸುಪಾಸಿನಲ್ಲಿ 20 ಕಿಲೋವ್ಯಾಟ್ ಶಕ್ತಿಯಿಂದ ಆದೇಶ ಕಳಿಸುತ್ತವೆ. ಅದು ನಿಮ್ಮ ನೆರೆಯವರ ಐನೂರು ಪಟ್ಟು. ಅದೇ ಸೂತ್ರ, ಅದೇ ದಕ್ಷತೆ ಹಾಕಿ ನೋಡಿದರೆ ಆ ಕಿರಣಪುಂಜದೊಳಗಿನ ಗರಿಷ್ಠ ಸಾಂದ್ರತೆ ಚದರ ಮೀಟರಿಗೆ ಸುಮಾರು 13.5 ವ್ಯಾಟ್ ಮಾತ್ರ. ನಿಮ್ಮ ಎದುರಿನ ಪುಟ್ಟ ಡಿಷ್‌ನದಕ್ಕಿಂತ ಕಡಿಮೆ! ಶಕ್ತಿ ಹೆಚ್ಚಿದ್ದರೂ ಅದು 3,800 ಚದರ ಮೀಟರಿನ ಮೇಲೆ ಹರಡಿಕೊಂಡಿದೆ. ಆದರೆ ಆ ಕೊಳವೆ ಕುಗ್ಗದೆ ಚಾಚಿಕೊಳ್ಳುವ ಉದ್ದ 29 ಕಿಲೋಮೀಟರ್. ಆದ್ದರಿಂದ ಅಲ್ಲಿನ ಚಿಂತೆ ನೆರೆಮನೆಯದಲ್ಲ, ವಿಮಾನಗಳದು. ವ್ಯಾಸ, ಶಕ್ತಿ, ಆವರ್ತನ ಮೂರನ್ನೂ ಕೂಡಿಸಿ ನೋಡದೆ ಯಾವ ಒಂದನ್ನೂ ಹಿಡಿದು ತೀರ್ಪು ಕೊಡಲಾಗದು.

ಈಗ ನಿಮ್ಮ ಕಟ್ಟಡಕ್ಕೆ ಬರೋಣ. ಆಂಟೆನಾದ ನಡುಬಿಂದು ಅವರ ತಾರಸಿಯ ನೆಲದಿಂದ 2 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳುತ್ತೇನೆ; ಇದನ್ನು ಟೇಪು ಹಿಡಿದು ಖಚಿತಪಡಿಸಿಕೊಳ್ಳಿ. ಕಿರಣಪುಂಜದ ನಡುಗೆರೆ 20 ಡಿಗ್ರಿ ಮೇಲಕ್ಕೆ ಹೊರಟರೆ 60 ಮೀಟರ್ ಅಡ್ಡದೂರ ಸಾಗುವಷ್ಟರಲ್ಲಿ 21.8 ಮೀಟರ್ ಏರಿರುತ್ತದೆ. ಅಂದರೆ ನಿಮ್ಮ ಕಟ್ಟಡದ ಬಳಿ ಅದು ಅವರ ತಾರಸಿಯ ನೆಲದಿಂದ 23.8 ಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ. ನಡುಗೆರೆಯಿಂದ ಡಿಷ್‌ನ ಒಂದು ವ್ಯಾಸದಷ್ಟು ಆಚೆ ಸರಿದರೆ ಸಾಂದ್ರತೆ ಕನಿಷ್ಠ ನೂರು ಪಟ್ಟು ಇಳಿಯುತ್ತದೆ ಎಂಬುದು ಅದೇ ಕೈಪಿಡಿಯ ಒಪ್ಪಿತ ಅಂದಾಜು. ಓರೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ನಿಮ್ಮಲ್ಲಿ ಆ ಗಡಿ 21.3 ಮೀಟರ್ ಎತ್ತರದಲ್ಲಿ ಬೀಳುತ್ತದೆ. ಅದರ ಕೆಳಗೆ ಎಲ್ಲೇ ನಿಂತರೂ 23 ವ್ಯಾಟ್ ಎಂಬುದು 0.23 ವ್ಯಾಟ್ ಆಗುತ್ತದೆ, ಸಾರ್ವಜನಿಕರ ಮಿತಿಯ ನಲವತ್ತರಲ್ಲೊಂದು ಪಾಲು.

ನಿಮ್ಮ ತಾರಸಿಯ ಮೇಲೆ ನಿಂತವರ ತಲೆ ಹೆಚ್ಚೆಂದರೆ 14 ಮೀಟರಿಗೆ ಬರುತ್ತದೆ; ಗಡಿಗೆ ಇನ್ನೂ 7 ಮೀಟರ್ ಅಂತರವಿದೆ. ಲಿಫ್ಟ್ ಕೋಣೆಯ ನೆತ್ತಿ ಹತ್ತಿದವರ ತಲೆ 20 ಮೀಟರ್. ಅಲ್ಲಿ ಉಳಿಯುವ ಅಂತರ 1.3 ಮೀಟರ್ ಮಾತ್ರ. ನಿಂತು ಕೆಲಸ ಮಾಡಲು ಅಡ್ಡಿಯಿಲ್ಲ, ಆದರೆ ಅದರ ಮೇಲೆ ಏಣಿ ಇಟ್ಟು ಇನ್ನೊಂದೆರಡು ಮೀಟರ್ ಮೇಲೇರಿದರೆ ತಲೆ ಕೊಳವೆಯೊಳಗೆ ಹೋಗುತ್ತದೆ. ಸಿಡಿಲು ವಾಹಕ ಸರಿಪಡಿಸುವವರು, ಬೇರೆ ಆಂಟೆನಾಗೆ ಕಂಬ ನೆಡುವವರು ಮಾಡುವುದು ಇದನ್ನೇ ಅಲ್ಲವೇ? ಆ ಕೆಲಸಕ್ಕೆ ಮುಂಚೆ ನೆರೆಯವರಿಗೆ ಫೋನ್ ಮಾಡಿ ಪ್ರಸಾರ ನಿಲ್ಲಿಸುವಂತೆ ಕೇಳಿಕೊಳ್ಳಿ. ಆ ಎತ್ತರದಲ್ಲಿ ಲೋಹದ ಹಾಳೆ, ನೀರಿನ ಟ್ಯಾಂಕು ಇಟ್ಟರೆ ಅವು ಕಿರಣವನ್ನು ಪ್ರತಿಫಲಿಸಿ ಬೇರೆ ಕಡೆಗೆ ತಿರುಗಿಸುವ ಸಾಧ್ಯತೆಯೂ ಇದೆ, ಆಗ ಮೇಲಿನ ಲೆಕ್ಕವನ್ನು ಹೊಸದಾಗಿ ಮಾಡಬೇಕಾಗುತ್ತದೆ.

ಕಿಟಕಿಯ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಅಂದಾಜು ಸಾಧ್ಯ. ಆಂಟೆನಾದ ನಡುವಿನಿಂದ ನಿಮ್ಮ ಕಿಟಕಿಗೆ ಗೆರೆ ಎಳೆದರೆ ಅದು ಕಿರಣಪುಂಜದ ನಡುಗೆರೆಯಿಂದ 14 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಪಕ್ಕಕ್ಕಿದೆ. ಉಪಗ್ರಹ ಆಂಟೆನಾಗಳು ಹೀಗೆ ಪಕ್ಕಕ್ಕೆ ಎಷ್ಟು ಸೋರಬಹುದು ಎಂಬುದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾದರಿ ಗೆರೆಗಳಿವೆ. ಅವನ್ನು ಮಾಡಿರುವುದು ಅಕ್ಕಪಕ್ಕದ ಉಪಗ್ರಹಗಳಿಗೆ ತೊಂದರೆ ಆಗದಿರಲೆಂದು, ಆದರೆ ನಮ್ಮ ಕೆಲಸಕ್ಕೂ ಒದಗುತ್ತವೆ. ಅವುಗಳಲ್ಲಿ ಹಳೆಯದಾದ, ಹೆಚ್ಚು ಸೋರಿಕೆಗೆ ಅವಕಾಶ ಕೊಡುವ ಗೆರೆಯನ್ನೇ ಹಿಡಿದರೂ ನಿಮ್ಮ ಕಿಟಕಿಯಲ್ಲಿ ಚದರ ಮೀಟರಿಗೆ ಸುಮಾರು 0.0018 ವ್ಯಾಟ್ ಬರುತ್ತದೆ. 60 ಮೀಟರ್ ಇನ್ನೂ ಸಮೀಪ ಕ್ಷೇತ್ರದೊಳಗೇ ಇರುವುದರಿಂದ ಇದನ್ನು ಅಂದಾಜೆಂದೇ ಓದಬೇಕು. ಆದರೂ ಮಿತಿಗಿಂತ ಐದು ಸಾವಿರ ಪಟ್ಟು ಕೆಳಗಿರುವ ಅಂಕಿ ಹತ್ತು ಪಟ್ಟು ತಪ್ಪಿದರೂ ತೀರ್ಮಾನ ಬದಲಾಗುವುದಿಲ್ಲ.

ಹಾಗಾದರೆ ಡಿಷ್ ನಿಮ್ಮ ಕಿಟಕಿಯನ್ನೇ ದಿಟ್ಟಿಸುತ್ತಿರುವಂತೆ ಕಾಣುವುದೇಕೆ? ಈ ಗಾತ್ರದ ಡಿಷ್‌ಗಳಲ್ಲಿ ಬಹುಪಾಲು ಆಫ್‌ಸೆಟ್ ಮಾದರಿಯವು. ಅವುಗಳಲ್ಲಿ ಫೀಡ್ ಹಾರ್ನ್ ಡಿಷ್‌ನ ನಡುವಿಗೆ ಎದುರಾಗಿರದೆ ಕೆಳಗಿನ ತೋಳಿನ ಮೇಲಿರುತ್ತದೆ, ಕಿರಣಪುಂಜ ಡಿಷ್ ಮುಖ ಮಾಡಿದಂತೆ ಕಾಣುವ ದಿಕ್ಕಿಗಿಂತ ಸುಮಾರು ಇಪ್ಪತ್ತು ಡಿಗ್ರಿ ಮೇಲಕ್ಕೆ ಹೊರಡುತ್ತದೆ. ಎತ್ತರದ ಕೋನ 20 ಡಿಗ್ರಿ ಇರುವ ಆಫ್‌ಸೆಟ್ ಡಿಷ್ ಹೆಚ್ಚು ಕಡಿಮೆ ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ. ನೋಡಿದವರಿಗೆ ಅದು ಎದುರು ಕಿಟಕಿಗೇ ಗುರಿಯಿಟ್ಟಂತೆ ಕಂಡರೆ ಆಶ್ಚರ್ಯವಿಲ್ಲ. ಕಣ್ಣಳತೆಯನ್ನು ನಂಬದೆ ಕೋನದ ಅಂಕಿಯನ್ನೇ ಕೇಳಿ ಪಡೆಯಬೇಕೆನ್ನುವುದು ಇದಕ್ಕಾಗಿ.

ನಿಮ್ಮ ಮೀಟರ್ ತೋರಿಸಿದ 1.5 ವೋಲ್ಟ್ ಬಗ್ಗೆ ಎರಡು ಮಾತು. ಚದರ ಮೀಟರಿಗೆ 10 ವ್ಯಾಟ್ ಎಂಬ ಮಿತಿ ವಿದ್ಯುತ್ ಕ್ಷೇತ್ರದ ಲೆಕ್ಕದಲ್ಲಿ ಮೀಟರಿಗೆ 61 ವೋಲ್ಟ್, ನಿಮ್ಮ 1.5 ವೋಲ್ಟ್ ಎಂದರೆ ಚದರ ಮೀಟರಿಗೆ 0.006 ವ್ಯಾಟ್, ಹಾಗಾಗಿ ಆ ಅಂಕಿಯೇ ನಿಜವಾದರೂ ಹೆದರುವಂಥದ್ದಲ್ಲ. ಆದರೆ ಅದು ಆ ಡಿಷ್‌ನ ಅಂಕಿಯೇ ಆಗಿರಲಾರದು. ಮೀಟರಿನ ಜೊತೆ ಬಂದ ಕಿರುಪುಸ್ತಕದಲ್ಲಿ ಆವರ್ತನದ ವ್ಯಾಪ್ತಿ ಎಲ್ಲಿಯವರೆಗೆ ಎಂದು ನೋಡಿ. ಅಂಗಡಿಯಲ್ಲಿ ಸಿಗುವ ಸಣ್ಣ ಮೀಟರುಗಳು ಸಾಮಾನ್ಯವಾಗಿ ಕೆಲವೇ ಗಿಗಾಹರ್ಟ್ಸ್‌ವರೆಗೆ ಅಳೆಯುವಂಥವು; 14 ಗಿಗಾಹರ್ಟ್ಸ್ ಅವಕ್ಕೆ ಕಾಣುವುದೇ ಇಲ್ಲ, ಕಂಡರೂ ಕೊಡುವ ಅಂಕಿಗೆ ಅರ್ಥವಿಲ್ಲ. ನಿಮ್ಮ ಮೀಟರ್ ಹಿಡಿದಿರುವುದು ಬಹುತೇಕ ಕೋಣೆಯೊಳಗಿನ ವೈಫೈ, ಸಿಬ್ಬಂದಿಯ ಜೇಬಿನ ಮೊಬೈಲುಗಳು, ಹೊರಗಿನ ಮೊಬೈಲ್ ಗೋಪುರಗಳ ತರಂಗಗಳನ್ನು. ಈ ತಪ್ಪು ತಿರುಗುಮುರುಗಾದಾಗ ನಿಜವಾಗಿ ಅಪಾಯಕಾರಿ: ಇಂಥದೇ ಮೀಟರ್ ಹಿಡಿದು ಡಿಷ್‌ನ ಮುಂದೆ ನಿಂತವರು ಸೊನ್ನೆ ಓದಿ, ಇಲ್ಲಿ ಏನೂ ಇಲ್ಲ ಎಂದುಕೊಂಡುಬಿಡಬಹುದು. ಅಳತೆ ಮಾಡಿಸುವುದಾದರೆ ಡಿಷ್‌ನ ಆವರ್ತನವನ್ನು ಒಳಗೊಂಡ, ಎಲ್ಲ ದಿಕ್ಕಿನಿಂದಲೂ ಸಮನಾಗಿ ಗ್ರಹಿಸುವ, ಕ್ಯಾಲಿಬ್ರೇಷನ್ ಪ್ರಮಾಣಪತ್ರ ಚಾಲ್ತಿಯಲ್ಲಿರುವ ಪ್ರೋಬ್ (ತರಂಗ ಅಳೆಯುವ ಉಪಕರಣ) ತರುವವರಿಂದ ಮಾಡಿಸಿ. ಅಂಥ ಪ್ರೋಬ್ ಕೂಡ ನಿಮ್ಮ ಕಿಟಕಿಯಲ್ಲಿ ತನ್ನ ಕನಿಷ್ಠ ಮಟ್ಟದ ಆಸುಪಾಸಿನಲ್ಲೇ ತಡವರಿಸಬಹುದು. ಲೆಕ್ಕದ ಪ್ರಕಾರ ಅಲ್ಲಿರಬೇಕಾದುದು ಮೀಟರಿಗೆ 0.8 ವೋಲ್ಟ್ ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೆ, ಆ ತಾರಸಿಯಲ್ಲಿ ಅಪಾಯವೇ ಇಲ್ಲ ಎಂಬ ಭಾವನೆಯೂ ಬರಬಾರದು. ಅಪಾಯವಿದೆ, ಆದರೆ ಅದು ಇರುವುದು ಆಂಟೆನಾದ ಕೈಯಳತೆಯಲ್ಲಿ. ಫೀಡ್ ಹಾರ್ನಿನ ಬಾಯಿ 10 ಸೆಂಟಿಮೀಟರ್ ವ್ಯಾಸದ್ದಾದರೆ, 40 ವ್ಯಾಟ್ ಅಷ್ಟು ಕಿರಿದಾದ ಜಾಗದಿಂದ ಹೊರಬರುವಾಗ ಸಾಂದ್ರತೆ ಚದರ ಮೀಟರಿಗೆ 20,000 ವ್ಯಾಟ್ ತಲುಪಬಹುದು, ಸಾರ್ವಜನಿಕರ ಮಿತಿಯ ಎರಡು ಸಾವಿರ ಪಟ್ಟು. ಆಫ್‌ಸೆಟ್ ಡಿಷ್‌ನಲ್ಲಿ ಈ ಹಾರ್ನ್ ನಿಂತವರ ಎದೆ, ಮುಖದ ಎತ್ತರಕ್ಕೇ ಇರುತ್ತದೆ. ಹಾರ್ನಿನ ಮೇಲಿನ ದೂಳೊರೆಸಲು ಕೈ ಹಾಕುವವರು, ಬಾಯಿಗೆ ಹಕ್ಕಿ ಗೂಡು ಕಟ್ಟಿದೆಯೇ ಎಂದು ಬಗ್ಗಿ ನೋಡುವವರು ಅಪಾಯಕ್ಕೆ ಸಿಲುಕುತ್ತಾರೆ. ಹಾರ್ನಿಗೂ ಡಿಷ್‌ಗೂ ನಡುವಿನ ಜಾಗ ಯಾರೂ ಕಾಲಿಡಬಾರದ ಜಾಗ. ಹಾರ್ನಿಗೆ ಶಕ್ತಿ ಒಯ್ಯುವ ವೇವ್‌ಗೈಡ್ ಎಂಬ ಲೋಹದ ನಳಿಕೆಯ ಫ್ಲ್ಯಾಂಜ್ (ಜೋಡಣೆಯ ಅಂಚು) ಸಡಿಲವಾಗಿದ್ದರೆ, ಬಾಗುವ ವೇವ್‌ಗೈಡ್ ಬಿರುಕು ಬಿಟ್ಟಿದ್ದರೆ ಅಲ್ಲಿಂದಲೂ ಸೋರುತ್ತದೆ. ಅದು ಯಾವ ಸೂತ್ರದಿಂದಲೂ ಗೊತ್ತಾಗುವುದಲ್ಲ, ಪ್ರೋಬ್ ಹಿಡಿದು ಪ್ರತಿಯೊಂದು ಜೋಡಣೆಯ ಸುತ್ತ ನೋಡಿದರೆ ಮಾತ್ರ ಸಿಗುತ್ತದೆ.

ಒಮ್ಮೆ ಒಂದು ಕೇಂದ್ರದಲ್ಲಿ ತಂತ್ರಜ್ಞರೊಬ್ಬರು, ಕೆಳಗೆ ಮೋಡೆಮ್ ಆಫ್ ಮಾಡಿ ಬಂದಿದ್ದೇನೆ ಎಂದು ಹಾರ್ನಿನ ಬಳಿ ಹೋದರು. ನನ್ನ ಕೈಯಲ್ಲಿದ್ದ ಪ್ರೋಬ್ ಕೂಗಿಕೊಂಡಿತು. ಅಲ್ಲಿ ಬದಲಿಗೆಂದು ಎರಡನೆಯ ಮೋಡೆಮ್ ಜೋಡಿಸಿದ್ದರು. ಮೊದಲನೆಯದು ಆಫ್ ಆದೊಡನೆ ಅದು ತಾನೇ ಕೆಲಸ ವಹಿಸಿಕೊಂಡಿತ್ತು. ಅಂದಿನಿಂದ ನಾನು ಮೋಡೆಮ್ ಆಫ್ ಎಂಬ ಮಾತನ್ನು ಒಪ್ಪುವುದಿಲ್ಲ. ಡಿಷ್‌ನ ತೋಳಿಗೆ ಕಟ್ಟಿರುವ ಬಿಯುಸಿ ಎಂಬ ಪ್ರೇಷಕ ಪೆಟ್ಟಿಗೆಗೆ ಹೋಗುವ ವಿದ್ಯುತ್ತನ್ನೇ ಕಡಿದು, ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈಯನ್ನು ಮೇಲೆ ಹೋಗುವವರೇ ಜೇಬಿನಲ್ಲಿಟ್ಟುಕೊಳ್ಳಬೇಕು.

ಅವರ ತಾರಸಿಯಲ್ಲೇ ಓಡಾಡುವವರಿಗೆ ಎಷ್ಟು ದೂರ ಬೇಲಿ ಬೇಕು ಎಂಬುದನ್ನೂ ಅದೇ ಕೊಳವೆಯ ಲೆಕ್ಕ ಹೇಳುತ್ತದೆ. 2 ಮೀಟರ್ ಎತ್ತರಕ್ಕೆ ತಲೆ ಬರುವವರು 20 ಡಿಗ್ರಿ ಕೋನದ ಡಿಷ್‌ನ ಮುಂದೆ 7 ಮೀಟರ್ ದಾಟಿದರೆ ಒಂದು ವ್ಯಾಸದ ಗಡಿಯ ಕೆಳಗೆ ಬರುತ್ತಾರೆ. ಕೋನ 45 ಡಿಗ್ರಿ ಇದ್ದಿದ್ದರೆ ಮೂರೂವರೆ ಮೀಟರ್ ಸಾಕಿತ್ತು, 5 ಡಿಗ್ರಿ ಇದ್ದಿದ್ದರೆ 27 ಮೀಟರಿಗೂ ಹೆಚ್ಚು ಬೇಕಾಗುತ್ತಿತ್ತು. ಕೋನ ತಗ್ಗಿದಂತೆಲ್ಲ ಕೊಳವೆ ನೆಲಕ್ಕೆ ಒರಗುತ್ತದೆ. ಕೆಳಕಕ್ಷೆಯ ಉಪಗ್ರಹಗಳನ್ನು ಹಿಂಬಾಲಿಸುತ್ತ ತಿರುಗುವ ಆಂಟೆನಾಗಳಿಗೆ ಒಂದು ಕೋನವೆಂಬುದೇ ಇಲ್ಲದ ಕಾರಣ, ಅವು ಇಳಿಯಬಹುದಾದ ಅತಿ ತಗ್ಗಿನ ಕೋನವನ್ನು ಎಲ್ಲ ದಿಕ್ಕಿಗೂ ಹಾಕಿ ನೋಡಬೇಕು.

ನಿಮ್ಮ ಪಾಲಿಗೆ ಮುಖ್ಯವಾದುದೂ ಇದೇ. ನಾನು ಕೊಟ್ಟ ಉತ್ತರ ಈ ಕೋನಕ್ಕೆ, ಈ ಶಕ್ತಿಗೆ, ಈಗಿನ ನಿಮ್ಮ ಕಟ್ಟಡಕ್ಕೆ. ನಾಳೆ ಅವರು ಬೇರೆ ಉಪಗ್ರಹಕ್ಕೆ ತಿರುಗಿಸಿ, ದಿಕ್ಕು ನಿಮ್ಮ ಕಡೆಗೇ ಉಳಿದು ಕೋನ 12 ಡಿಗ್ರಿಗೆ ಇಳಿದರೆ, ನಿಮ್ಮ ಬಳಿ ಕಿರಣಪುಂಜದ ನಡುಗೆರೆ 14.8 ಮೀಟರಿಗೆ ಬರುತ್ತದೆ, ಒಂದು ವ್ಯಾಸದ ಗಡಿ 12.3 ಮೀಟರಿಗೆ. ಆಗ ನಿಮ್ಮ ತಾರಸಿಯಲ್ಲಿ ಸುಮ್ಮನೆ ನಿಂತವರೂ ಗಡಿಯೊಳಗೆ ಇರುತ್ತಾರೆ. ಹಾಗೆಯೇ ನೀವು ಇನ್ನೆರಡು ಅಂತಸ್ತು ಕಟ್ಟಿ ಲಿಫ್ಟ್ ಕೋಣೆಯನ್ನು ಮೇಲಕ್ಕೆ ಒಯ್ದರೆ, ಅದು ಕಿರಣಪುಂಜಕ್ಕೇ ಅಡ್ಡ ನಿಲ್ಲುತ್ತದೆ. ನಿಮ್ಮವರಿಗೆ ಅಪಾಯವಾಗುವುದರ ಜೊತೆಗೆ ಅವರ ಸಂಪರ್ಕವೂ ಕೆಡುತ್ತದೆ. ಈ ವಿಷಯದಲ್ಲಿ ಇಬ್ಬರ ಹಿತವೂ ಒಂದೇ ಆಗಿರುವುದರಿಂದ ಜಗಳಕ್ಕೆ ನಿಲ್ಲುವ ಬದಲು ಮಾತಾಡಿಕೊಳ್ಳುವುದು ಸುಲಭ.

ಅವರಿಂದ ಕೇಳಿ ಪಡೆಯಬೇಕಾದ ವಿವರಗಳು ಹೆಚ್ಚೇನಿಲ್ಲ. 40 ವ್ಯಾಟ್ ಎಂಬುದು ಪೆಟ್ಟಿಗೆಯ ಗರಿಷ್ಠ ಸಾಮರ್ಥ್ಯವೋ, ಈಗ ಬಳಸುತ್ತಿರುವ ಶಕ್ತಿಯೋ ಎಂದು ಕೇಳಿ. ಮಳೆ ಬಂದಾಗ ತಾನಾಗಿ ಶಕ್ತಿ ಏರಿಸುವ ವ್ಯವಸ್ಥೆ ಇರುತ್ತದೆಯಾದ್ದರಿಂದ ಲೆಕ್ಕವನ್ನು ಗರಿಷ್ಠಕ್ಕೇ ಮಾಡಿರಬೇಕು. ಬಿಟ್ಟು ಬಿಟ್ಟು ಪ್ರಸಾರ ಮಾಡುವ ಡಿಷ್ ಆಗಿದ್ದರೂ ಆ ರಿಯಾಯಿತಿಯನ್ನು ಮೊದಲ ಲೆಕ್ಕದಲ್ಲಿ ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ಪ್ರೇಷಕ ಕೆಟ್ಟುಹೋಗಿ, ಒಂದೇ ಸಮನೆ ಪ್ರಸಾರ ಮಾಡತೊಡಗುವುದೂ ಉಂಟು. ಅದೇ ತಾರಸಿಯಲ್ಲಿ ಇನ್ನೊಂದು ಪ್ರಸಾರ ಮಾಡುವ ಆಂಟೆನಾ ಇದ್ದರೆ, ಪ್ರತಿಯೊಂದರ ಸಾಂದ್ರತೆಯನ್ನು ಅದರದರ ಮಿತಿಯಿಂದ ಭಾಗಿಸಿ ಎಲ್ಲವನ್ನೂ ಕೂಡಿಸಬೇಕು. ಮೊತ್ತ ಒಂದನ್ನು ದಾಟಬಾರದು. ಬರೀ ಸ್ವೀಕರಿಸುವ ಡಿಷ್‌ಗಳನ್ನು ಈ ಲೆಕ್ಕದಿಂದ ಹೊರಗಿಡಿ. ಅವು ಏನನ್ನೂ ಕಳಿಸುವುದಿಲ್ಲ. 36,000 ಕಿಲೋಮೀಟರ್ ಮೇಲಿನಿಂದ ಪ್ರಬಲ ಪ್ರಸಾರವೊಂದು ಅವುಗಳನ್ನು ತಲುಪುವಾಗ ಚದರ ಮೀಟರಿಗೆ ಉಳಿಯುವುದು ಒಂದು ವ್ಯಾಟ್‌ನ ಲಕ್ಷ ಕೋಟಿ ಭಾಗಗಳಲ್ಲಿ ಆರೇಳು ಭಾಗ ಮಾತ್ರ.

ಹಾಳೆಯಲ್ಲಿ 157 ಮೀಟರ್ ಎಂಬುದರ ಮುಂದೆ 'ಕಿರಣಪುಂಜದ ನಡುಗೆರೆಯ ಉದ್ದಕ್ಕೂ' ಎಂದು ಸೇರಿಸಿ, ನಿಮ್ಮ ಕಟ್ಟಡದ ಬಳಿ ಆ ಗೆರೆ ಹಾಯುವ ಎತ್ತರವನ್ನೂ ಬರೆದು, ಸಹಿ ಮಾಡಿ ಕೊಡುವಂತೆ ಅವರನ್ನು ಕೇಳಿ. ಜೊತೆಗೆ, ಡಿಷ್‌ನ ದಿಕ್ಕು, ಕೋನ, ಶಕ್ತಿ ಬದಲಾಯಿಸುವ ಮುಂಚೆ ನಿಮಗೆ ತಿಳಿಸುವುದಾಗಿ ಒಂದು ಸಾಲು, ಪ್ರಸಾರ ನಿಲ್ಲಿಸಲು ಹೊತ್ತಲ್ಲದ ಹೊತ್ತಿನಲ್ಲೂ ಎತ್ತುವ ಒಂದು ಫೋನ್ ಸಂಖ್ಯೆ. ಆ ಸಂಖ್ಯೆಯನ್ನು ನಿಮ್ಮ ಲಿಫ್ಟ್ ಕೋಣೆಯ ಏಣಿಯ ಬುಡದಲ್ಲಿ, ಹತ್ತುವವರ ಕಣ್ಣಿಗೆ ಬೀಳುವಂತೆ ಬರೆಸಿಡಿ.